ಬುಸ್ರಾದ ಸೇನಾನಾಯಕ ಮತ್ತು ಅವನ ಪೋಷಕರು

2024ರ ಡಿಸೆಂಬರ್ 8ರಂದು ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸದ್ ರಾಜಧಾನಿ ಡಮಾಸ್ಕಸ್ ಬಿಟ್ಟು ಪಲಾಯನ ಮಾಡಿದ ಸುದ್ದಿ ಹರಡಿದ ಕೆಲವೇ ಗಂಟೆಗಳಲ್ಲಿ ಒಂದು ಪುಟ್ಟ ವೀಡಿಯೊ ಎಲ್ಲೆಡೆ ಕಾಣಿಸಿಕೊಂಡಿತು. ಅಂದಿನ ಪ್ರಧಾನಿ ಮೊಹಮ್ಮದ್ ಅಲ್ ಜಲಾಲಿ ಅವರನ್ನು ಬಂದೂಕುಧಾರಿಗಳು ಫೋರ್ ಸೀಸನ್ಸ್ ಹೋಟೆಲಿಗೆ ಕರೆದೊಯ್ಯುತ್ತಿದ್ದ ದೃಶ್ಯವದು. ಅವರನ್ನು ಯಾರೂ ಹೊಡೆಯಲಿಲ್ಲ, ಅವಮಾನಿಸಲೂ ಇಲ್ಲ. ಜಗತ್ತಿನ ಮಾಧ್ಯಮಗಳೆಲ್ಲ ಉತ್ತರದ ಇದ್ಲಿಬ್‌ನಿಂದ ಹೊರಟು ಅಲೆಪ್ಪೊ, ಹಮಾ, ಹೋಮ್ಸ್ ನಗರಗಳನ್ನು ಗೆದ್ದುಕೊಂಡು ಬರುತ್ತಿದ್ದ ಬಂಡುಕೋರ ನಾಯಕ, ಮುಂದೆ ಅಧ್ಯಕ್ಷರಾದ ಅಹ್ಮದ್ ಅಲ್ ಶರಾ ಅವರ ಪಡೆಯತ್ತ ಕಣ್ಣು ನೆಟ್ಟಿದ್ದವು. ಆದರೆ ಪ್ರಧಾನಿಯನ್ನು ಕರೆದೊಯ್ದವರು ಆ ಪಡೆಯವರಲ್ಲ, ಅವರಿಗಿಂತ ಮೊದಲು ದಕ್ಷಿಣದ ದರಾ ಪ್ರಾಂತ್ಯದಿಂದ ರಾಜಧಾನಿಗೆ ನುಗ್ಗಿದ್ದ ಹೋರಾಟಗಾರರು. ಅವರ ನಾಯಕನ ಹೆಸರು ಅಹ್ಮದ್ ಅಲ್ ಔದಾ. ಇದಾದ ನಾಲ್ಕು ತಿಂಗಳಲ್ಲಿ ಆತನ ಬ್ರಿಗೇಡ್ ಇಲ್ಲವಾಗಿತ್ತು; ಅದನ್ನು ವಿಸರ್ಜಿಸುವುದಕ್ಕೆ ಒಂದು ವೀಡಿಯೊ ಹೇಳಿಕೆಯೇ ಸಾಕಾಯಿತು.

ಸಿರಿಯಾದ ಯುದ್ಧವನ್ನು ನಾವು ಸಾಮಾನ್ಯವಾಗಿ ರಾಜಧಾನಿಯ ಕಥೆಯಾಗಿಯೇ ಓದಿದ್ದೇವೆ. ಒಂದು ಕಡೆ ಅಧ್ಯಕ್ಷ, ಇನ್ನೊಂದು ಕಡೆ ಬಂಡುಕೋರರು, ಹಿಂದೆ ರಷ್ಯಾ, ಇರಾನ್, ಅಮೆರಿಕ, ತುರ್ಕಿ. ಆದರೆ ಅಲ್ಲಿನ ಸಾಮಾನ್ಯ ಮನೆಯೊಂದಕ್ಕೆ ಹದಿಮೂರು ವರ್ಷಗಳ ಕಾಲ ಸರ್ಕಾರವೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಬೇರೆಯೇ ಇದೆ. ಊರಿನ ಬಾಯಲ್ಲಿ ಚೆಕ್‌ಪೋಸ್ಟ್ ಇಟ್ಟವನು, ಜೈಲಿಗೆ ಹೋದ ಮಗನನ್ನು ಬಿಡಿಸಿಕೊಡಬಲ್ಲವನು, ಸಂಬಳ ಕೊಡುವವನು, ಗಡಿಯಾಚೆಗಿನ ಅಧಿಕಾರಿಯೊಂದಿಗೆ ಮಾತನಾಡಬಲ್ಲವನು ಯಾರೋ ಅವನೇ ಅವರ ಪಾಲಿಗೆ ಸರ್ಕಾರ. ಔದಾ ಅಂಥ ಒಬ್ಬ ವ್ಯಕ್ತಿ. ದಕ್ಷಿಣ ಸಿರಿಯಾದ ಸುದ್ದಿಯನ್ನು ಬಹುಕಾಲದಿಂದ ಹಿಂಬಾಲಿಸುತ್ತಾ ಬಂದಿರುವ ನನಗೆ, ಈ ಒಬ್ಬನ ಏರಿಳಿತವನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಸಿರಿಯಾದ ಅರ್ಧ ಯುದ್ಧ ಅರ್ಥವಾದಂತೆ ಎಂದು ಅನ್ನಿಸಿದೆ.

ಮೊದಲು ಊರಿನ ವಿಚಾರ. ಬುಸ್ರಾ ಅಲ್ ಶಾಮ್ ಇರುವುದು ಜೋರ್ಡಾನ್ ಗಡಿಗೆ ಸಮೀಪದ ಹೌರಾನ್ ಬಯಲಿನಲ್ಲಿ. ಗೋಧಿ ಬೆಳೆಯುವ ಫಲವತ್ತಾದ ನೆಲ, ಕಪ್ಪು ಬಸಾಲ್ಟ್ ಕಲ್ಲಿನ ಮನೆಗಳು. ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ನಬಾತಿಯನ್ನರ ರಾಜ್ಯವನ್ನು ವಶಪಡಿಸಿಕೊಂಡು ಅರೇಬಿಯಾ ಪ್ರಾಂತ್ಯವನ್ನು ಕಟ್ಟಿದಾಗ ಈ ಊರು ಅದರ ರಾಜಧಾನಿಯಾಯಿತು. ಆ ಶತಮಾನದಲ್ಲಿ ಕಟ್ಟಿದ ರಂಗಮಂದಿರ ಇಂದಿಗೂ ಬಹುಮಟ್ಟಿಗೆ ಪೂರ್ಣವಾಗಿ ನಿಂತಿದೆ. ಮುಂದೆ ಅಯ್ಯೂಬಿ ಅರಸರು ಅದರ ಸುತ್ತ ಕೋಟೆ ಕಟ್ಟಿದ್ದರಿಂದ ಅದು ಉಳಿದುಕೊಂಡಿತು. 1980ರಲ್ಲಿ ಯುನೆಸ್ಕೊ ಈ ಪ್ರಾಚೀನ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧಕ್ಕೆ ಮೊದಲು ಇಲ್ಲಿ ಬಹುಸಂಖ್ಯಾತ ಸುನ್ನಿಗಳ ಜೊತೆಗೆ ಶಿಯಾ ಕುಟುಂಬಗಳೂ ಬಾಳುತ್ತಿದ್ದವು.

2011ರ ಮಾರ್ಚ್‌ನಲ್ಲಿ ದಂಗೆ ಹೊತ್ತಿಕೊಂಡದ್ದು ಇದೇ ಪ್ರಾಂತ್ಯದ ದರಾ ನಗರದಲ್ಲಿ. ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದ ಶಾಲಾ ಹುಡುಗರನ್ನು ಬಂಧಿಸಿ ಹಿಂಸಿಸಿದ್ದು, ಅವರನ್ನು ಬಿಡಿ ಎಂದು ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸಿದ್ದು, ಉಮರಿ ಮಸೀದಿಯ ಸುತ್ತ ಜನ ಸೇರಿದ್ದು ಇವೆಲ್ಲ ಬಹಳಷ್ಟು ಮಂದಿಗೆ ಗೊತ್ತಿರುವ ಸಂಗತಿಗಳೇ. ಡಮಾಸ್ಕಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದನೆಂದು ಹೇಳಲಾಗುವ ಔದಾ ತನ್ನ ಊರಿನ ಯುವಕರನ್ನು ಕಟ್ಟಿಕೊಂಡು ಶಬಾಬ್ ಅಲ್ ಸುನ್ನಾ ಎಂಬ ಪಡೆಯನ್ನು ಬೆಳೆಸಿದ. 2015ರ ಮಾರ್ಚ್ 25ರಂದು ಬಂಡುಕೋರರು ಬುಸ್ರಾವನ್ನು ಗೆದ್ದುಕೊಂಡರು. ಹಿಜ್ಬುಲ್ಲಾದ ನೆರವು ಪಡೆದಿದ್ದ ಸ್ಥಳೀಯ ಪಡೆಗಳು ಊರು ಬಿಟ್ಟಾಗ ಶಿಯಾ ಕುಟುಂಬಗಳೂ ಹೊರಟುಹೋದವು. ಈ ಗೆಲುವನ್ನು ವಿಮೋಚನೆಯೆಂದು ಬಣ್ಣಿಸುವವರು ಆ ನೆರೆಹೊರೆಯವರ ಖಾಲಿ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಪಡೆ ಎಷ್ಟೇ ಶಿಸ್ತಿನದಾದರೂ, ಅದರ ಗೆಲುವಿನಿಂದ ಒಂದು ಸಮುದಾಯವೇ ಊರಿಲ್ಲದಂತಾದರೆ ಆ ಗೆಲುವಿನಲ್ಲಿ ಗಾಯವೊಂದು ಉಳಿದೇ ಇರುತ್ತದೆ.

ದಕ್ಷಿಣದ ಬಂಡುಕೋರರು ಉತ್ತರದವರಿಗಿಂತ ಭಿನ್ನವಾಗಿದ್ದುದಕ್ಕೆ ಒಂದು ನಿರ್ದಿಷ್ಟ ಕಾರಣವಿತ್ತು. ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಅಮೆರಿಕ, ಜೋರ್ಡಾನ್ ಮತ್ತು ಅವುಗಳ ಮಿತ್ರರಾಷ್ಟ್ರಗಳ ಅಧಿಕಾರಿಗಳು ಸೇರಿ ನಡೆಸುತ್ತಿದ್ದ ಕಾರ್ಯಾಚರಣೆ ಕೇಂದ್ರವೊಂದಿತ್ತು. 2014ರ ಫೆಬ್ರವರಿಯಲ್ಲಿ ರೂಪುಗೊಂಡ ದಕ್ಷಿಣ ರಂಗ ಎಂಬ ಒಕ್ಕೂಟದ ಪಡೆಗಳಿಗೆ ಸಂಬಳ, ಮದ್ದುಗುಂಡು, ವಾಹನ ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ಯಾವ ದಾಳಿ ನಡೆಯಬೇಕು, ಯಾವುದು ನಿಲ್ಲಬೇಕು ಎಂಬ ಮಾತಿನಲ್ಲೂ ಆ ಕೇಂದ್ರದ ಕೈ ಇರುತ್ತಿತ್ತು. ಜೋರ್ಡಾನ್ ತನ್ನ ಗಡಿಯಲ್ಲಿ ಉಗ್ರವಾದಿಗಳನ್ನೂ ಬಯಸಲಿಲ್ಲ, ಇನ್ನಷ್ಟು ನಿರಾಶ್ರಿತರನ್ನೂ ಬಯಸಲಿಲ್ಲ. ಹೀಗಾಗಿ ದಕ್ಷಿಣದಲ್ಲಿ ಯಶಸ್ವಿಯಾದ ಸೇನಾನಾಯಕನಿಗೆ ಯುದ್ಧ ಮಾಡುವ ಕಲೆಯಷ್ಟೇ ಸಾಲದಾಗಿತ್ತು. ಹೊರಗಿನವರ ಮನಸ್ಸನ್ನು ಓದುವುದು, ಅವರಿಗೆ ಬೇಕಾದ ಭಾಷೆಯಲ್ಲಿ ಮಾತನಾಡುವುದು, ತಂದ ಹಣವನ್ನು ಊರಿಗೆ ತಲುಪಿಸಿ ಜನರ ನಂಬಿಕೆ ಉಳಿಸಿಕೊಳ್ಳುವುದು ಅಷ್ಟೇ ಮುಖ್ಯವಾಗಿತ್ತು. ಔದಾ ಇದರಲ್ಲಿ ಪಳಗಿದವನಾಗಿದ್ದ ಎಂಬುದಕ್ಕೆ ಮುಂದಿನ ಹತ್ತು ವರ್ಷಗಳೇ ಸಾಕ್ಷಿ.

ಸೇನಾನಾಯಕರು ವ್ಯಾಪಾರದ ಕಡೆ ಹೊರಳುವುದು ಈ ಹಂತದಲ್ಲಿಯೇ. ಪಡೆಯೊಂದನ್ನು ಸಾಕುವುದೆಂದರೆ ತಿಂಗಳು ತಿಂಗಳೂ ಸಂಬಳ ಕೊಡುವುದು. ಹೊರಗಿನ ಪೋಷಕ ಕೈಬಿಟ್ಟ ದಿನ ಗಡಿ ಠಾಣೆ, ಸುಂಕ, ಇಂಧನ, ಭೂಮಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ಬಂಧುಗಳ ಹಣ, ಇವುಗಳಲ್ಲಿ ಯಾವುದಾದರೊಂದರ ಆಸರೆ ಬೇಕೇ ಬೇಕು. ದರಾದ ದಕ್ಷಿಣಕ್ಕಿರುವ ನಸೀಬ್ ಗಡಿ ಠಾಣೆ ಯುದ್ಧಕ್ಕೆ ಮೊದಲು ತುರ್ಕಿ ಮತ್ತು ಲೆಬನಾನಿನಿಂದ ಕೊಲ್ಲಿಗೆ ಹೋಗುವ ಸರಕಿನ ಹೆದ್ದಾರಿಯ ಬಾಗಿಲಾಗಿತ್ತು. 2015ರ ಏಪ್ರಿಲ್‌ನಲ್ಲಿ ಬಂಡುಕೋರರು ಅದನ್ನು ವಶಪಡಿಸಿಕೊಂಡರೂ ಜೋರ್ಡಾನ್ ತನ್ನ ಕಡೆಯ ಬಾಗಿಲನ್ನು ಮುಚ್ಚಿಬಿಟ್ಟಿದ್ದರಿಂದ ದೊಡ್ಡ ಆದಾಯ ಅವರ ಕೈಗೆ ಸಿಗಲೇ ಇಲ್ಲ. ಔದಾನಿಗೆ ಮದುವೆಯ ಸಂಬಂಧದಿಂದ ಬಂಧುವಾಗಿದ್ದ ಖಾಲಿದ್ ಅಲ್ ಮಹಾಮೀದ್ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನೆಲೆಸಿದ್ದ ದರಾ ಮೂಲದ ಉದ್ಯಮಿ. ವಿರೋಧ ಪಕ್ಷಗಳ ಸಂಧಾನ ಸಮಿತಿಯಲ್ಲೂ ಪ್ರಮುಖ ಸ್ಥಾನದಲ್ಲಿದ್ದವರು. ಒಂದೇ ಬಂಧುಬಳಗದೊಳಗೆ ಬಂದೂಕು, ಬಂಡವಾಳ ಮತ್ತು ಸಂಧಾನದ ಮೇಜು ಮೂರೂ ಇದ್ದವೆಂದರೆ ಅದರ ಬಲವನ್ನು ಊಹಿಸಬಹುದು. ಹೌರಾನಿನಲ್ಲಿ ಕುಲ ಮತ್ತು ಬಾಂಧವ್ಯಗಳು ರಾಜಕೀಯ ಪಕ್ಷಗಳಿಗಿಂತ ಗಟ್ಟಿಯಾದವು. ಈ ಸಂಬಂಧವನ್ನು ಅಲ್ಲಿಯವರು ಯಾರೂ ವಿಚಿತ್ರವೆಂದು ನೋಡಿರಲಿಕ್ಕಿಲ್ಲ.

2017ರಲ್ಲಿ ಅಮೆರಿಕ ಬಂಡುಕೋರರಿಗೆ ನೀಡುತ್ತಿದ್ದ ರಹಸ್ಯ ನೆರವನ್ನು ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಅಮೆರಿಕ, ರಷ್ಯಾ ಮತ್ತು ಜೋರ್ಡಾನ್ ಸೇರಿ ದಕ್ಷಿಣದಲ್ಲಿ ಕದನ ವಿರಾಮ ಘೋಷಿಸಿದವು. ಒಂದು ವರ್ಷವೂ ತುಂಬುವ ಮೊದಲೇ, 2018ರ ಜೂನ್‌ನಲ್ಲಿ, ಅಸದ್ ಪಡೆ ರಷ್ಯಾದ ವಿಮಾನಗಳ ಬೆಂಬಲದೊಂದಿಗೆ ದರಾದ ಮೇಲೆ ಎರಗಿತು. ನಮ್ಮಿಂದ ಸೈನಿಕ ನೆರವು ನಿರೀಕ್ಷಿಸಬೇಡಿ ಎಂದು ಅಮೆರಿಕ ಬಂಡುಕೋರರಿಗೆ ಸಂದೇಶ ಕಳುಹಿಸಿತು. ಕೆಲವೇ ದಿನಗಳಲ್ಲಿ ಸುಮಾರು 2.7 ಲಕ್ಷ ಜನ ಮನೆ ಬಿಟ್ಟು ಓಡಿದರೆಂದು ವಿಶ್ವಸಂಸ್ಥೆ ಹೇಳಿತು. ಜೋರ್ಡಾನ್ ಗಡಿ ತೆರೆಯಲಿಲ್ಲ.

ಔದಾನ ಬದುಕಿನ ಅತ್ಯಂತ ವಿವಾದಿತ ತೀರ್ಮಾನ ಹೊರಬಂದದ್ದು ಆಗ. ಪೂರ್ವ ದರಾದಲ್ಲಿ ರಷ್ಯನ್ನರೊಂದಿಗೆ ಮೊದಲು ರಾಜಿಗೆ ಬಂದವರಲ್ಲಿ ಬುಸ್ರಾದ ಈತನೂ ಒಬ್ಬ. ಭಾರೀ ಆಯುಧಗಳನ್ನು ಒಪ್ಪಿಸಬೇಕು, ಹಗುರ ಆಯುಧಗಳನ್ನು ಇಟ್ಟುಕೊಳ್ಳಬಹುದು, ರಾಜಿ ಒಪ್ಪದವರು ಬಸ್ಸು ಹತ್ತಿ ಇದ್ಲಿಬ್‌ಗೆ ಹೋಗಬಹುದು ಎಂಬುದು ಆ ಒಪ್ಪಂದಗಳ ಸಾರ. ಉಳಿದ ಬಂಡುಕೋರರಲ್ಲಿ ಹಲವರು ಇದನ್ನು ದ್ರೋಹವೆಂದು ಕರೆದರು. ಬೆನ್ನಿಗೆ ಚೂರಿ ಹಾಕಿದ, ಇನ್ನೂ ಕಾದಾಡುತ್ತಿದ್ದವರ ಕೈ ಕಟ್ಟಿಹಾಕಿದ ಎಂದರು. ಅವರ ಸಿಟ್ಟಿಗೆ ಕಾರಣವಿತ್ತು. ಆದರೂ ನಾನು ಈ ತೀರ್ಮಾನವನ್ನು ದ್ರೋಹವೆಂದು ಕರೆಯಲಾರೆ. ಆಕಾಶದಲ್ಲಿ ವಿಮಾನ, ಹಿಂದೆ ಮುಚ್ಚಿದ ಗಡಿ, ಮೈತ್ರಿಯ ಮಾತಾಡಿದ್ದವರ ಮೌನ, ಇವುಗಳ ನಡುವೆ ನಿಂತು ಊರನ್ನು ಪುಡಿಯಾಗಲು ಬಿಡದೆ ಉಳಿಸಿಕೊಂಡದ್ದನ್ನು ದೂರದಲ್ಲಿ ಕುಳಿತು ಹಳಿಯುವ ಅಧಿಕಾರ ನಮಗಿಲ್ಲ. ಅಲೆಪ್ಪೊದ ಪೂರ್ವ ಭಾಗಕ್ಕೂ ಡಮಾಸ್ಕಸ್ ಪಕ್ಕದ ಪೂರ್ವ ಗೂತಾಕ್ಕೂ ಮುತ್ತಿಗೆ, ಬಾಂಬ್ ದಾಳಿಗಳಿಂದ ಏನಾಯಿತೆಂಬುದು ಬುಸ್ರಾದವರ ಕಣ್ಣ ಮುಂದೆಯೇ ಇತ್ತು.

ರಾಜಿಯ ನಂತರ ಔದಾನ ಪಡೆ ರಷ್ಯನ್ನರು ಕಟ್ಟಿದ್ದ ಐದನೆಯ ಕೋರ್ ಎಂಬ ಸೇನಾದಳದೊಳಗೆ ಎಂಟನೆಯ ಬ್ರಿಗೇಡ್ ಆಗಿ ಸೇರಿತು. ಕಾಗದದ ಮೇಲೆ ಅದು ಅಸದ್ ಸೇನೆಯ ಭಾಗ. ನೆಲದ ಮೇಲೆ ಅದು ಬುಸ್ರಾದ ಪಡೆಯಾಗಿಯೇ ಉಳಿಯಿತು. ಇದರ ಫಲವನ್ನು ಅಳೆಯುವುದಾದರೆ ನಾನು ಕಡ್ಡಾಯ ಸೇನಾ ಸೇವೆಯ ಪ್ರಶ್ನೆಯಿಂದ ಅಳೆಯುತ್ತೇನೆ. ಆ ವರ್ಷಗಳಲ್ಲಿ ಸಿರಿಯಾದ ಪ್ರತಿಯೊಬ್ಬ ಯುವಕನ ತಲೆಯ ಮೇಲೆ ತೂಗುತ್ತಿದ್ದ ಕತ್ತಿ ಅದು. ಚೆಕ್‌ಪೋಸ್ಟ್‌ನಲ್ಲಿ ಹೆಸರು ಸಿಕ್ಕರೆ ನೇರವಾಗಿ ಇದ್ಲಿಬ್‌ನ ರಣರಂಗಕ್ಕೆ, ತನ್ನಂಥದೇ ಇನ್ನೊಬ್ಬ ಸಿರಿಯನ್ನನ ಮೇಲೆ ಗುಂಡು ಹಾರಿಸುವುದಕ್ಕೆ. ಎಂಟನೆಯ ಬ್ರಿಗೇಡಿಗೆ ಸೇರಿದ ಹುಡುಗ ತನ್ನ ಪ್ರಾಂತ್ಯದಲ್ಲೇ ಉಳಿಯಬಹುದಾಗಿತ್ತು. ರಹಸ್ಯ ಪೊಲೀಸರು ಅವನನ್ನು ಸುಲಭವಾಗಿ ಮುಟ್ಟುವಂತಿರಲಿಲ್ಲ. ದರಾದ ಬೇರೆ ಭಾಗಗಳಲ್ಲಿ ರಾಜಿಯಾದ ಮಾಜಿ ಬಂಡುಕೋರರು ಒಬ್ಬೊಬ್ಬರಾಗಿ ಗುರುತು ಸಿಗದ ಬಂದೂಕುಧಾರಿಗಳ ಗುಂಡಿಗೆ ಬಲಿಯಾಗುತ್ತಿದ್ದ ಆ ಕಾಲದಲ್ಲಿ ಬುಸ್ರಾದ ಸುತ್ತಮುತ್ತ ಒಂದು ಮಟ್ಟದ ನೆಮ್ಮದಿಯಿತ್ತು. ಎಷ್ಟೋ ತಾಯಂದಿರಿಗೆ ಮಗ ರಾತ್ರಿ ಮನೆಯಲ್ಲೇ ಮಲಗುತ್ತಾನೆ ಎಂಬುದಕ್ಕಿಂತ ದೊಡ್ಡ ರಾಜಕೀಯ ಬೇರೆ ಇರಲಿಲ್ಲ.

ಈ ನೆಮ್ಮದಿ ನೆರೆಯವರಿಗೂ ಸಿಕ್ಕಿತೇ? ಇಲ್ಲ. 2020ರ ಮಾರ್ಚ್‌ನಲ್ಲಿಯೂ ಮತ್ತೆ ಸೆಪ್ಟೆಂಬರ್‌ನಲ್ಲಿಯೂ ಪಕ್ಕದ ಸುವೈದಾ ಪ್ರಾಂತ್ಯದ ಅಲ್ ಕುರಯ್ಯಾ ಎಂಬ, ದ್ರೂಜ್ ಧಾರ್ಮಿಕ ಅಲ್ಪಸಂಖ್ಯಾತರ ಊರಿನ ಹೊರವಲಯದಲ್ಲಿ ಎಂಟನೆಯ ಬ್ರಿಗೇಡಿಗೂ ದ್ರೂಜ್ ಹೋರಾಟಗಾರರಿಗೂ ಘರ್ಷಣೆ ನಡೆದು ದ್ರೂಜ್ ಕಡೆಯ ಹಲವರು ಸತ್ತರು. ಅಪಹರಣ, ಅದಕ್ಕೆ ಪ್ರತಿಯಾಗಿ ಇನ್ನೊಂದು ಅಪಹರಣ, ಜಮೀನಿನ ಜಗಳ, ಇವುಗಳಿಂದ ಬೆಳೆದ ಹಗೆಯದು. ಅಲ್ ಕುರಯ್ಯಾ ಸಾಮಾನ್ಯ ಊರಲ್ಲ. 1925ರಲ್ಲಿ ಫ್ರೆಂಚರ ವಿರುದ್ಧ ಸಿರಿಯಾದ ಮಹಾದಂಗೆಯನ್ನು ಮುನ್ನಡೆಸಿದ ಸುಲ್ತಾನ್ ಅಲ್ ಅತ್ರಶ್ ಹುಟ್ಟಿದ ಊರು. ಅಂದು ಹೌರಾನ್ ಬಯಲಿನವರೂ ದ್ರೂಜ್ ಬೆಟ್ಟದವರೂ ಒಂದೇ ಶತ್ರುವಿನ ವಿರುದ್ಧ ನಿಂತಿದ್ದರು. ಔದಾನ ಬೆಂಬಲಿಗರು ಬರೆಯುವ ಬರಹಗಳಲ್ಲಿ ಈ ಅಧ್ಯಾಯ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವುದನ್ನು ಕಂಡು ನನಗೆ ಬೇಸರವಾಗಿದೆ. ತನ್ನ ಊರಿಗೆ ರಕ್ಷಕನಾದವನು ಪಕ್ಕದ ಊರಿಗೆ ಭಯವಾಗಿದ್ದರೆ ಆ ಎರಡನ್ನೂ ಒಟ್ಟಿಗೆ ಬರೆಯಬೇಕು.

ಅದೇ ವರ್ಷ ಜೂನ್‌ನಲ್ಲಿ ಬ್ರಿಗೇಡಿನ ಸೈನಿಕರನ್ನು ಕರೆದೊಯ್ಯುತ್ತಿದ್ದ ಬಸ್ಸೊಂದು ಬಾಂಬಿಗೆ ಸಿಕ್ಕಿ ಹಲವರು ಸತ್ತರು. ಅವರ ಅಂತ್ಯಕ್ರಿಯೆ ಬುಸ್ರಾದಲ್ಲಿ ಅಸದ್ ವಿರೋಧಿ ಮೆರವಣಿಗೆಯಾಗಿ ಮಾರ್ಪಟ್ಟಿತು. ಅಧಿಕೃತವಾಗಿ ಅಸದ್ ಸೇನೆಗೇ ಸೇರಿದ್ದ ಸೈನಿಕರ ಶವಗಳನ್ನು ಹೊತ್ತವರೇ ಅಸದ್ ಇಳಿಯಬೇಕೆಂದು ಕೂಗಿದರು. ಹೌರಾನ್ ಶೀಘ್ರದಲ್ಲೇ ಒಂದೇ ಸೇನೆಯಾಗಿ ಒಂದಾಗುತ್ತದೆ ಎಂಬರ್ಥದ ಮಾತನ್ನು ಔದಾ ಆಡಿದ್ದು ಆ ಸಂತಾಪದ ದಿನಗಳಲ್ಲಿಯೇ. ಒಂದು ಊರಿನ ಸೇನಾನಾಯಕ ಇಡೀ ಪ್ರಾಂತ್ಯದ ನಾಯಕನಾಗಲು ಹೊರಟ ಗಳಿಗೆ ಅದು. ಅದು ಕೈಗೂಡಲಿಲ್ಲ. ಡಮಾಸ್ಕಸ್‌ಗೆ ಅಂಥ ಸೇನೆ ಬೇಕಿರಲಿಲ್ಲ, ಇರಾನಿಗೆ ಖಂಡಿತ ಬೇಕಿರಲಿಲ್ಲ, ರಷ್ಯಾ ಅಷ್ಟು ದೂರ ಬರಲು ಸಿದ್ಧವಿರಲಿಲ್ಲ. ದರಾದ ಪಶ್ಚಿಮ ಭಾಗದಲ್ಲಿ ಮತ್ತು ದರಾ ನಗರದಲ್ಲಿ ತಮ್ಮದೇ ಸಮಿತಿಗಳನ್ನು ಕಟ್ಟಿಕೊಂಡಿದ್ದ ಇತರ ನಾಯಕರೂ ಬುಸ್ರಾದವನ ಹಿಂದೆ ಸಾಲುಗಟ್ಟಿ ನಿಲ್ಲಲು ಒಪ್ಪಲಿಲ್ಲ. 2021ರಲ್ಲಿ ದರಾ ನಗರದ ಹಳೆಯ ಭಾಗವಾದ ದರಾ ಅಲ್ ಬಲದ್ ಅಸದ್ ಸೇನೆಯ ಮುತ್ತಿಗೆಗೆ ಸಿಕ್ಕಾಗ ಎಂಟನೆಯ ಬ್ರಿಗೇಡ್ ಸಂಧಾನಕಾರನ ಪಾತ್ರ ವಹಿಸಿತು. ಅದೇ ವರ್ಷದ ಕೊನೆಯ ಹೊತ್ತಿಗೆ ರಷ್ಯಾ ಹಿಂದೆ ಸರಿದು ಬ್ರಿಗೇಡ್ ಅಸದ್‌ನ ಮಿಲಿಟರಿ ಗುಪ್ತಚರ ಇಲಾಖೆಯ ಅಡಿಗೆ ಹೋಯಿತು. ಯಾವ ಇಲಾಖೆಯ ನೆಲಮಾಳಿಗೆಗಳಲ್ಲಿ ದರಾದ ಸಾವಿರಾರು ಜನ ನರಳಿದ್ದರೋ ಅದೇ ಇಲಾಖೆಯ ಪಟ್ಟಿಯಲ್ಲಿ ಹಳೆಯ ಬಂಡುಕೋರರ ಹೆಸರುಗಳು ಸೇರಿದವು. ಆ ಹುಡುಗರ ಮನಸ್ಸಿನಲ್ಲಿ ಆಗ ಏನಿತ್ತೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಆಮೇಲಿನ ಎರಡು ಮೂರು ವರ್ಷಗಳಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಒಂದನ್ನು ಬಿಟ್ಟು. 2022ರ ಅಕ್ಟೋಬರ್‌ನಲ್ಲಿ ದರಾದ ಜಾಸಿಮ್ ಪಟ್ಟಣದಲ್ಲಿ ಸ್ಥಳೀಯ ಹೋರಾಟಗಾರರು ನಡೆಸಿದ ಕಾರ್ಯಾಚರಣೆಯಲ್ಲಿ ಇಸ್ಲಾಮಿಕ್ ಸ್ಟೇಟ್ ಸಂಘಟನೆಯ ಅಂದಿನ ಮುಖ್ಯಸ್ಥ ಅಬು ಅಲ್ ಹಸನ್ ಅಲ್ ಹಾಶಿಮಿ ಅಲ್ ಕುರೈಶಿ ಸತ್ತ. ಆ ಕಾರ್ಯಾಚರಣೆಯಲ್ಲಿ ಎಂಟನೆಯ ಬ್ರಿಗೇಡಿನವರೂ ಇದ್ದರು. ಸತ್ತವನು ಯಾರೆಂಬುದು ಜಗತ್ತಿಗೆ ತಿಳಿದದ್ದು ವಾರಗಳ ನಂತರ.

ಇಷ್ಟನ್ನು ಹಿನ್ನೆಲೆಯಲ್ಲಿಟ್ಟುಕೊಂಡು 2024ರ ಡಿಸೆಂಬರನ್ನು ನೋಡಬೇಕು. ಉತ್ತರದ ಪಡೆಗಳು ಹಮಾ ದಾಟಿದ ಮೇಲೆ ದಕ್ಷಿಣದ ಗುಂಪುಗಳು ಡಿಸೆಂಬರ್ 6ರಂದು ದಕ್ಷಿಣ ಕಾರ್ಯಾಚರಣೆ ಕೇಂದ್ರವೆಂಬ ಒಕ್ಕೂಟ ಕಟ್ಟಿಕೊಂಡವು. ಮರುದಿನದ ಹೊತ್ತಿಗೆ ದರಾ ಅವರ ಕೈಯಲ್ಲಿತ್ತು. 8ರ ಬೆಳಗಿನ ಜಾವ ಅವರು ರಾಜಧಾನಿಯಲ್ಲಿದ್ದರು. ಸರ್ಕಾರಿ ಕಚೇರಿಗಳನ್ನು ಕಾಯುವುದು, ಪ್ರಧಾನಿಯನ್ನು ಸುರಕ್ಷಿತವಾಗಿ ಹಸ್ತಾಂತರಿಸುವುದು ಇವೆರಡೂ ನಡೆದ ಮೇಲೆ ಔದಾ ತನ್ನವರನ್ನು ವಾಪಸು ದರಾಕ್ಕೆ ಕರೆಸಿಕೊಂಡ. ಇದ್ಲಿಬ್‌ನಿಂದ ಬಂದವರೊಂದಿಗೆ ಘರ್ಷಣೆಯಾಗಬಾರದೆಂಬುದು ಆತನ ಕಡೆಯವರು ಕೊಟ್ಟ ಕಾರಣ. ಕೆಲವರು ಇದನ್ನು ದೌರ್ಬಲ್ಯವೆಂದರು. ಹದಿಮೂರು ವರ್ಷ ರಕ್ತ ಹರಿದ ಮೇಲೆ ಗೆದ್ದವರು ಗೆದ್ದವರ ಮೇಲೆಯೇ ಗುಂಡು ಹಾರಿಸದಂತೆ ನೋಡಿಕೊಂಡದ್ದು ಆತನ ಇಡೀ ಬದುಕಿನ ಅತ್ಯುತ್ತಮ ಕೆಲಸವೆಂದು ನಾನು ನಂಬುತ್ತೇನೆ.

ಹೊಸ ಸಿರಿಯಾದಲ್ಲಿ ಸೇನಾನಾಯಕರಿಗೆ ಸಿಕ್ಕ ಪಾಲು ಒಂದೇ ರೀತಿಯದಾಗಿರಲಿಲ್ಲ. ಉತ್ತರದ ಲೆವಾಂಟ್ ಫ್ರಂಟ್ ಎಂಬ ಬಂಡುಕೋರ ಪಡೆಯನ್ನು ಮುನ್ನಡೆಸಿದ್ದ ಅಜ್ಜಾಮ್ ಅಲ್ ಗರೀಬ್ ಅಲೆಪ್ಪೊದ ರಾಜ್ಯಪಾಲರಾದರು. ಅಹ್ರಾರ್ ಅಲ್ ಶಾಮ್ ಎಂಬ ಇನ್ನೊಂದು ಬಂಡುಕೋರ ಪಡೆಯ ನಾಯಕರಾಗಿದ್ದ ಆಮೆರ್ ಅಲ್ ಶೇಖ್ ಡಮಾಸ್ಕಸ್ ಗ್ರಾಮಾಂತರದ ರಾಜ್ಯಪಾಲರಾದರು. ಅಬು ಅಮ್ಶಾ ಎಂದು ಹೆಸರಾದ ಮೊಹಮ್ಮದ್ ಅಲ್ ಜಾಸಿಮ್ ಹೊಸ ಸೇನೆಯ ವಿಭಾಗವೊಂದರ ಮುಖ್ಯಸ್ಥನಾದ. ಸೇನಾನಾಯಕ ವ್ಯಾಪಾರಿಯಾಗುವುದೆಂದರೆ ಏನೆಂದು ತಿಳಿಯಲು ಈ ಮೂರನೆಯವನ ಕಡತವನ್ನು ನೋಡಬೇಕು. 2018ರಲ್ಲಿ ತುರ್ಕಿ ಬೆಂಬಲದ ಪಡೆಗಳು ಕುರ್ದರ ಆಫ್ರಿನ್ ಪ್ರದೇಶವನ್ನು ವಶಪಡಿಸಿಕೊಂಡ ಮೇಲೆ ಅಲ್ಲಿನ ಶೇಖ್ ಹದೀದ್ ಭಾಗ ಅವನ ಹಿಡಿತಕ್ಕೆ ಬಂತು. ಸ್ಥಳೀಯ ಕುರ್ದರ ಸುಲಿಗೆ, ಅಪಹರಣ, ಆಸ್ತಿ ಕಬಳಿಕೆಯ ಆರೋಪ ಹೊರಿಸಿ ಅಮೆರಿಕದ ಖಜಾನೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅವನ ಮೇಲೆ ನಿರ್ಬಂಧ ಹೇರಿತು. ಅದೇ ಪ್ರಕಟಣೆಯಲ್ಲಿ ಇಸ್ತಾಂಬುಲ್‌ನಲ್ಲಿ ಕೇಂದ್ರ ಕಚೇರಿಯಿದ್ದ ಅಲ್ ಸಫೀರ್ ಒಟೊ ಎಂಬ ಕಾರು ಮಾರಾಟ ಸಂಸ್ಥೆ ಅವನದೆಂದು ಹೇಳಿ ಅದನ್ನೂ ಪಟ್ಟಿಗೆ ಸೇರಿಸಿತು. 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಸದ್ ಸೇರಿದ್ದ ಅಲವಿ ಪಂಗಡದ ನಾಗರಿಕರ ಹತ್ಯೆಗಳು ನಡೆದ ಮೇಲೆ, ಮೇ ತಿಂಗಳಿನಲ್ಲಿ ಐರೋಪ್ಯ ಒಕ್ಕೂಟವೂ ಅವನ ಮೇಲೆ ನಿರ್ಬಂಧ ಹಾಕಿತು. ಇಷ್ಟಾದರೂ ಅವನ ಸ್ಥಾನ ಕದಲಲಿಲ್ಲ. ಹೊಸ ಸರ್ಕಾರಕ್ಕೆ ಅವನ ಬಂದೂಕುಗಳೂ ಅವನ ಹಿಂದಿದ್ದ ತುರ್ಕಿಯ ಸ್ನೇಹವೂ ಬೇಕಿದ್ದವು ಎಂಬುದನ್ನು ಬಿಟ್ಟರೆ ಇದಕ್ಕೆ ನನಗೆ ಬೇರೆ ವಿವರಣೆ ಕಾಣುತ್ತಿಲ್ಲ.

ಔದಾನಿಗೆ ಆ ಹೊತ್ತಿಗೆ ಹಿಂದೆ ನಿಲ್ಲುವವರಿರಲಿಲ್ಲ. ಅಮ್ಮಾನ್‌ನ ಕೇಂದ್ರ ಎಂದೋ ಮುಚ್ಚಿತ್ತು, ರಷ್ಯಾ ಹಿಂದೆ ಸರಿದಿತ್ತು, ಅಬುಧಾಬಿಯೊಂದಿಗಿನ ಸಂಬಂಧವೇ ಹೊಸ ಆಡಳಿತದ ಅನುಮಾನಕ್ಕೆ ಕಾರಣವಾಗಿತ್ತು. ಪಡೆಗಳೆಲ್ಲ ಕರಗಿ ರಕ್ಷಣಾ ಸಚಿವಾಲಯದೊಳಗೆ ಸೇರಬೇಕೆಂಬ ಆದೇಶಕ್ಕೆ ಎಂಟನೆಯ ಬ್ರಿಗೇಡ್ ತಿಂಗಳುಗಟ್ಟಲೆ ಪೂರ್ಣವಾಗಿ ಮಣಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಬಿಲಾಲ್ ಅಲ್ ದ್ರೂಬಿ ಎಂಬ, ಸಚಿವಾಲಯದ ಕಡೆ ಸೇರಿದ್ದ ಹಳೆಯ ಸೇನಾನಾಯಕನ ಮೇಲೆ ಬುಸ್ರಾದಲ್ಲಿ ಗುಂಡಿನ ದಾಳಿ ನಡೆದು ಆತ ತೀರಿಕೊಂಡ. ಬ್ರಿಗೇಡಿನವರ ಮೇಲೆ ಆರೋಪ ಬಂತು. ದರಾದ ಬೇರೆ ಊರುಗಳ ಜನರೂ ಸಿಟ್ಟಿಗೆದ್ದರು, ಸರ್ಕಾರದ ಭದ್ರತಾ ಪಡೆಗಳು ಬುಸ್ರಾದತ್ತ ಹೊರಟವು. ಏಪ್ರಿಲ್ 13ರಂದು ಬ್ರಿಗೇಡಿನ ವಕ್ತಾರ ಕರ್ನಲ್ ಮೊಹಮ್ಮದ್ ಅಲ್ ಹೌರಾನಿ ವೀಡಿಯೊದಲ್ಲಿ ಕಾಣಿಸಿಕೊಂಡು ಬ್ರಿಗೇಡನ್ನು ಸಂಪೂರ್ಣವಾಗಿ ವಿಸರ್ಜಿಸಿ ಆಯುಧಗಳನ್ನೂ ಜನರನ್ನೂ ರಕ್ಷಣಾ ಸಚಿವಾಲಯಕ್ಕೆ ಒಪ್ಪಿಸಲಾಗಿದೆ ಎಂದು ಓದಿ ಹೇಳಿದ. ಆ ಹೇಳಿಕೆ ಓದಲು ಔದಾ ಬರಲಿಲ್ಲ.

ಹತ್ತು ವರ್ಷ ಊರನ್ನು ಆಳಿದ ವ್ಯವಸ್ಥೆಯೊಂದು ಇಷ್ಟು ಬೇಗ ಕಳಚಿಬಿದ್ದದ್ದಕ್ಕೆ ಸರ್ಕಾರದ ಬಲವೊಂದೇ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಬುಸ್ರಾದಲ್ಲಿ ಎಲ್ಲವೂ ಒಬ್ಬ ವ್ಯಕ್ತಿಯ ಸಂಪರ್ಕಗಳ ಮೇಲೆ ನಿಂತಿತ್ತು. ರಷ್ಯನ್ ಅಧಿಕಾರಿಯೊಂದಿಗೆ ಮಾತನಾಡುವವನು ಅವನೇ, ಕೊಲ್ಲಿಯ ಉದ್ಯಮಿಯೊಂದಿಗೆ ಮಾತನಾಡುವವನು ಅವನೇ, ಬಂಧಿತನನ್ನು ಬಿಡಿಸುವವನು ಅವನೇ. ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಂಥ ಸಭೆಯೋ ಚುನಾವಣೆಯೋ ಬೆಳೆಯಲಿಲ್ಲ; ಯುದ್ಧದ ನಡುವೆ ಬೆಳೆಸುವುದು ಸುಲಭವೂ ಆಗಿರಲಿಲ್ಲ. ಪೂರ್ವ ದರಾದ ಸಾವಿರಾರು ಕುಟುಂಬಗಳು ಆತನಿಂದ ಪಡೆದ ರಕ್ಷಣೆ ನಿಜವಾದದ್ದು. ಆದರೆ ಅದು ಹಕ್ಕಾಗಿ ಬಂದದ್ದಲ್ಲ, ಆತನ ಮೂಲಕ ಬಂದದ್ದು. ಆತ ಸರಿದಾಗ ಅದೂ ಸರಿಯಿತು.

2025ರ ಅಕ್ಟೋಬರ್ 5ರಂದು ಅಸದ್ ನಂತರದ ಸಿರಿಯಾದ ಮೊದಲ ಸಂಸತ್ತಿಗೆ ಆಯ್ಕೆ ನಡೆಯಿತು. 210 ಸ್ಥಾನಗಳಲ್ಲಿ ಮೂರನೆಯ ಒಂದು ಭಾಗವನ್ನು ಅಧ್ಯಕ್ಷರೇ ನೇಮಿಸುವುದು, ಉಳಿದವಕ್ಕೆ ಪ್ರಾಂತ್ಯಗಳಲ್ಲಿ ರಚಿಸಿದ ಮತದಾರರ ಮಂಡಳಿಗಳು ಪ್ರತಿನಿಧಿಗಳನ್ನು ಆರಿಸುವುದು ಎಂಬ ಏರ್ಪಾಡು. ಭದ್ರತೆಯ ಕಾರಣ ನೀಡಿ ಸುವೈದಾದಲ್ಲಿ ಅದನ್ನು ಮುಂದೂಡಲಾಯಿತು. ದರಾದಲ್ಲಿ ಆಯ್ಕೆ ನಡೆಯಿತು. ಬುಸ್ರಾದ ಸಾಮಾನ್ಯ ಮತದಾರ, ಎಂಟನೆಯ ಬ್ರಿಗೇಡಿನ ನೆರಳಿನಲ್ಲಿ ಬೆಳೆದು ಈಗ ಆಯುಧ ಒಪ್ಪಿಸಿ ಮನೆಗೆ ಮರಳಿರುವ ಹುಡುಗನೂ ಸೇರಿದಂತೆ, ಆ ದಿನ ಮತಪೆಟ್ಟಿಗೆಯ ಹತ್ತಿರ ಹೋಗುವ ಅವಕಾಶ ಪಡೆಯಲಿಲ್ಲ.